ಏಳು ಸುತ್ತಿನ ದಾರ

ಟಾರ್ಚಿನ ಸೆಲ್ಲಿನ ತಂತಿ ಮುಟ್ಟಿಸಿದ ಕೂಡಲೇ ಎಡಗಡೆ ಸ್ಪೀಕರಿನ ಕಾಗದದ ಕೋನ್ ಟಪ್ಪೆಂದು ಮುಂದಕ್ಕೆ ಬಂತು.

ಧಮ್ಮಶೀಲಾ ಇನ್ನೊಮ್ಮೆ ಮುಟ್ಟಿಸಿದಳು. ಮತ್ತೆ ಮುಂದಕ್ಕೇ ಬಂತು.

“ಇದು ಹಿಂಗ ಬರಬಾರ್ದಕ್ಕಾ,” ಎಂದ ನರೇಶ, ಹೊಸ್ತಿಲ ಹೊರಗೆ ನಿಂತುಕೊಂಡೇ. “ಬಲಗಡಿದು ಮುಂದ ಬರಬೇಕು, ಎಡಗಡಿದು ಒಳಗ ಹೋಗಬೇಕು. ಉಸ್ತಾದ್ ಬೇಕಂತನೇ ಉಲ್ಟಾ ತಂತಿ ಹಚ್ಚಿಸ್ಯಾರ. ಅವರ ಆಂಪ್ಲಿಫೈಯರ್ ಎಡಗಡಿ ಉಲ್ಟಾ ಕೊಡ್ತದಂತ. ಉಲ್ಟಾಕ್ಕ ಉಲ್ಟಾ ಸೇರಿದ್ರ ಸೀದಾ.”

“ಕಳ್ಳಗ ಎಲ್ಲಾ ಗೊತ್ತಿರ್ತದ,” ಎಂದರು ಮನೆಯ ಯಜಮಾನ ಅಮರನಾಥ.

ಮಾತು ಸಣ್ಣದು, ಆದರೆ ನರೇಶನ ಮುಖ ಇಳಿದುಹೋಯಿತು. ಮೂವತ್ತರ ಆಳು, ಕಲ್ಲು ಹೊತ್ತ ಭುಜ, ಆದರೂ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಕಳ್ಳತನವಾದದ್ದು ಉಸ್ತಾದ್ ಮನ್ಮಥಪ್ಪನವರು ಆರಿಸಿಕೊಟ್ಟಿದ್ದ ಎಂಟಿಂಚಿನ ಫುಲ್‌ರೇಂಜ್ ಸ್ಪೀಕರ್‌ಗಳ ಜೋಡಿ. ಸೊಂಟದೆತ್ತರದ ಎರಡು ಕಲ್ಲಿನ ಡಬ್ಬಿಗಳು ಹಾಗೇ ಇದ್ದವು. ಒಳಗಿನ ಸ್ಪೀಕರ್‌ಗಳು ಮಾತ್ರ ಬದಲಾಗಿದ್ದವು. ನಾರಾಯಣಖೇಡದ ಈ ಮನೆಯಲ್ಲಿ ಅದನ್ನು ಮೊದಲು ಕಂಡವರು ಅಮರನಾಥರ ಹೆಂಡತಿ ಮಂಗಲಾ, ನಿನ್ನೆ ಭಾನುವಾರ ಬೆಳಿಗ್ಗೆ.

ಡಬ್ಬಿ ಮಾಡಿದವನು ನರೇಶ. ನೆಲಕ್ಕೆ ಹಾಸುವ ತಾಂಡೂರಿನ ನೀಲಿ ಪರಸಿ ಕಲ್ಲನ್ನು ಕೊಯ್ದು, ಪಾಲಿಶ್ ಮಾಡಿ, ಮೂಲೆಗೆ ಮೂಲೆ ಕೂಡಿಸಿ ತಂದವನು. ಶನಿವಾರ ಮನೆಯವರೆಲ್ಲ ಬೀದರಿಗೆ ಮದುವೆಗೆ ಹೋದಾಗ, ಡಬ್ಬಿಗಳ ಕೆಳಗಿಡುವ ಪೀಠ ಕೊಯ್ಯುತ್ತ ಹಿತ್ತಲಲ್ಲಿ ಒಬ್ಬನೇ ಇದ್ದವನೂ ಅವನೇ. ಹೀಗಾಗಿ ಬೆರಳು ತೋರಿಸಲು ಅಮರನಾಥರಿಗೆ ಹೆಚ್ಚು ದೂರ ಹುಡುಕಬೇಕಾಗಲಿಲ್ಲ.

“ಸಂಜಿ ಐದರ ತನಕ ನೋಡ್ತೀನಿ, ಧಮ್ಮಶೀಲಾಬಾಯಿ,” ಎಂದರು. “ಮಂಗಲಾ ಹೇಳ್ಯಾಳಂತ ನಿಮ್ಮನ್ನ ಕರಸೀನಿ. ಐದಕ್ಕ ನಾ ಸ್ಟೇಷನ್ನಿಗೆ ಹೋಗಾವನೇ.”

ಅಮರನಾಥರು ಕೆಟ್ಟವರಲ್ಲ, ಅವಸರದವರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅವರಿಗೆ ಹೇಳುವವರು ಯಾರು? ಸ್ಟೇಷನ್ನಿನಲ್ಲಿ ಹೆಸರು ಬಿದ್ದರೆ ಪಾಲಿಶ್ ಕಾರ್ಖಾನೆಯ ಮಾಲೀಕ ನರೇಶನನ್ನು ಗೇಟಿನೊಳಗೆ ಬಿಡುವುದಿಲ್ಲ. ಆಮೇಲೆ ಖುಲಾಸೆಯಾದರೂ “ಆ ಸ್ಪೀಕರ್ ಕೇಸಿನವ” ಎನ್ನುವ ಹೆಸರು ಸಾಯುವ ತನಕ ಬೆನ್ನಿಗಂಟಿರುತ್ತದೆ.

ಧಮ್ಮಶೀಲಾಳ ಕಸುಬು ಜಹೀರಾಬಾದಿನಲ್ಲಿ ಸ್ಪೀಕರ್ ರಿಪೇರಿ. ಪತ್ತೆ ಕೆಲಸ ತಾನಾಗಿ ಬಂದು ಕೊರಳಿಗೆ ಬಿದ್ದದ್ದು. ಕೆಟ್ಟ ಸ್ಪೀಕರ್ ಯಾವ ತಂತಿಯಲ್ಲಿ ಕೆಟ್ಟಿದೆ ಎಂದು ಹುಡುಕುವವಳಿಗೆ ಕೆಟ್ಟ ಕೆಲಸ ಯಾರ ಕೈಯಲ್ಲಾಯಿತು ಎಂದು ಹುಡುಕುವುದು ಯಾವ ಲೆಕ್ಕ ಎಂದು ಜಹೀರಾಬಾದು, ತಾಂಡೂರು, ನಾರಾಯಣಖೇಡ ಈ ಮೂರೂರಿನ ಜನ ನಂಬಿಬಿಟ್ಟಿದ್ದರು. ನಲವತ್ತಾರು ವರ್ಷದ ಆ ಹೆಂಗಸು ಆ ನಂಬಿಕೆಯನ್ನು ಇನ್ನೂ ಸುಳ್ಳು ಮಾಡಿರಲಿಲ್ಲ.

“ಅಕ್ಕೋರೆ, ನಿಮಗ ಹ್ಯಾಂಗ ಗೊತ್ತಾತು?” ಎಂದು ಅವಳು ಮಂಗಲಾಳನ್ನು ಕೇಳಿದಳು.

ಮಂಗಲಾ ಕ್ಯಾಸೆಟ್ ಹಾಕಿದಳು. ಅವಳ ತಾಯಿ ಈರಮ್ಮ ಬೀಸುವಾಗ ಹಾಡಿದ ಪದಗಳು ಅದರಲ್ಲಿದ್ದವು. ಈರಮ್ಮ ತೀರಿಕೊಂಡು ಹನ್ನೊಂದು ವರ್ಷ. ಈ ಕಲ್ಲಿನ ಡಬ್ಬಿ, ಈ ಆಂಪ್ಲಿಫೈಯರು, ಉಸ್ತಾದರ ಎರಡು ತಿಂಗಳ ದುಡಿಮೆ, ಎಲ್ಲವೂ ಆ ಒಂದು ದನಿಗಾಗಿ.

ಹಾಡು ಮನೆ ತುಂಬಿತು. ಆದರೆ ಹಾಡುವವಳು ಎಲ್ಲಿದ್ದಾಳೆಂದು ತಿಳಿಯಲಿಲ್ಲ.

“ಮೊದ್ಲ ಅವ್ವ ಇಲ್ಲೇ ನಡುವ ಕುಂತು ಹಾಡತಿದ್ಳು,” ಎಂದು ಮಂಗಲಾ ಎರಡು ಡಬ್ಬಿಗಳ ನಡುವಿನ ಖಾಲಿ ನೆಲ ತೋರಿಸಿದಳು. “ನಿನ್ನಿ ಹಚ್ಚಿ ನೋಡ್ತೀನಿ, ಅವ್ವ ಗ್ವಾಡಿ ಒಳಗ ಹೋಗ್ಯಾಳ.”

ಧಮ್ಮಶೀಲಾ ತಲೆಯಾಡಿಸಿದಳು. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋದರೆ ನಡುವಿನ ಮನುಷ್ಯ ಮಾಯವಾಗುತ್ತಾನೆ. ತಂತ್ರ ಗೊತ್ತಿಲ್ಲದ ಈ ಹೆಂಗಸಿನ ಕಿವಿ ಅದನ್ನು ಹಿಡಿದಿತ್ತು. ತಾಯಿಯ ದನಿ ಕೇಳಿಸಿಕೊಳ್ಳುವ ಕಿವಿಗೆ ತರಬೇತಿ ಬೇಕಾಗುವುದಿಲ್ಲ.

ಅವಳು ಎಡಗಡೆ ಡಬ್ಬಿಯ ಹಿಂದಿನ ಹಾಸುಗಲ್ಲನ್ನು ಬಿಚ್ಚಿ ತಿರುಗಿಸಿ ನೋಡಿದಳು. ಒಳಬದಿಗೆ ಉಳಿಯಿಂದ ಕೊರೆದ ಅಕ್ಷರ: ಉಲ್ಟಾ.

“ಇದು ಯಾರು ಕೊರದಾರ?”

“ನಾನೇ ಕೊರದೀನಕ್ಕಾ. ಮುಂದ ರಿಪೇರಿಗಿ ಬಿಚ್ಚಿದವ್ರು ತಪ್ಪು ಮಾಡಬಾರ್ದಂತ.”

“ಕೇಳಿದ್ರೇನ್ರಿ ಅಮರನಾಥಣ್ಣೋರೆ?” ಎಂದು ಅವಳು ಎದ್ದು ನಿಂತಳು. “ಏನೂ ತಿಳೀದವ ಕದ್ರ, ಮೊದ್ಲ ಹ್ಯಾಂಗಿತ್ತೋ ಹಂಗೇ ತಂತಿ ಹಚ್ತಾನ. ನರೇಶ ಕದ್ರೂ ಉಲ್ಟಾನೇ ಹಚ್ತಾನ, ಕಲ್ಲಿಗಿ ಬರದವನೇ ಅವ. ಇಲ್ಲಿ ಕೆಂಪಿಗಿ ಕೆಂಪು, ಕರಿಗಿ ಕರಿ, ಬರೋಬ್ಬರಿ ತಿದ್ದಿ ಹಚ್ಯಾರ. ಇದು ಕಳ್ಳನ ತಪ್ಪಲ್ರಿ, ಕಲಿತವನ ತಪ್ಪು.”

ಅಮರನಾಥರು ಗಂಟಲು ಸರಿಮಾಡಿಕೊಂಡರು. “ಹಂಗಾರ ಆ ಕಲಿತವ ಯಾರು?”

ಅದಕ್ಕೆ ಉತ್ತರ ಡಬ್ಬಿಯ ತಳದಲ್ಲೇ ಬಿದ್ದಿತ್ತು. ಉಗುರಗಲದ, ಕಪ್ಪು ಹಾಳೆಯ ಒಂದು ಚೂರು. ಧಮ್ಮಶೀಲಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎಕ್ಸ್‌ರೇ ಫಿಲ್ಮಿನ ಪಟ್ಟಿ. ಸ್ಪೀಕರ್ ರಿಪೇರಿಯವರು ಕೋನಿನ ಹಿಂದಿನ ತಂತಿಸುರುಳಿ ಕಾಯಿಲನ್ನು ಮ್ಯಾಗ್ನೆಟ್ಟಿಗೆ ತಾಗದಂತೆ ಸರಿಯಾಗಿ ನಡುವೆ ಕೂಡಿಸಲು ಇಂಥ ಪಟ್ಟಿಗಳನ್ನೇ ಸಂದಿಗೆ ತೂರಿಸುವುದು. ಪಟ್ಟಿಯಲ್ಲಿ ತುಸುವೇ ಮುಂಗೈ ಎಲುಬು ಕಾಣುತ್ತಿತ್ತು. ಎಲುಬಿನ ಮೇಲೆ ಬೆಳ್ಳಗೆ ಒಂದು ಸ್ಕ್ರೂ.

ಆ ಮುಂಗೈ ಅವಳಿಗೆ ಗೊತ್ತಿತ್ತು. ಆ ಮುಂಗೈ ಮುರಿದ ದಿನ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದವಳು ಅವಳೇ.

ಯಾರ ಮುಂದೆಯೂ ಅದನ್ನು ಹೇಳಲಿಲ್ಲ. ಬಲಗಡೆ ಡಬ್ಬಿಯ ಹಿಂಬದಿಯನ್ನೂ ಬಿಚ್ಚಿ ಟಾರ್ಚು ಬಿಟ್ಟಳು. ಅಲ್ಲೂ ಪೇಟೆಯಲ್ಲಿ ಸಿಗುವ ಸಾದಾ ಎಂಟಿಂಚಿನ ಸ್ಪೀಕರೇ. ತಂತಿ, ಬೆಸುಗೆ, ದಾರ ಎಲ್ಲ ಅವಳ ಅಂಗಡಿಯ ಮೇಜಿನ ಮೇಲೆ ದಿನಾ ಕಾಣುವ ಹಾಗೆಯೇ ಇದ್ದವು. ಇಲ್ಲಿ ವಿಶೇಷವೇನಿಲ್ಲ ಎಂದುಕೊಂಡು, ಎರಡರದೂ ಫೋನಿನಲ್ಲಿ ಫೋಟೋ ತೆಗೆದುಕೊಂಡು, ಚಪ್ಪಲಿ ಮೆಟ್ಟಿದಳು.

“ಎಲ್ಲಿಗಿ ಹೊಂಟ್ರಿ?” ಎಂದರು ಅಮರನಾಥ.

“ತಾಂಡೂರಿಗ್ರಿ. ಐದರೊಳಗ ಫೋನ್ ಮಾಡ್ತೀನಿ. ಅಲ್ಲಿ ತನಕ ಈ ನರೇಶಗ ಒಂದು ಕಪ್ ಚಾ ಕೊಡ್ರಿ. ಒಳಗ ಕರದು ಕೊಡ್ರಿ.”

ಮಂಗಲಾ ಸೆರಗು ಸರಿಮಾಡಿಕೊಂಡು ಹೊಸ್ತಿಲ ಕಡೆ ನಡೆದಳು. “ಬಾರಪ್ಪಾ, ಒಳಗ ಬಾ,” ಎಂದಳು. ನರೇಶ ಧಮ್ಮಶೀಲಾಳ ಕಡೆ ನೋಡಿದ ನೋಟವನ್ನು ಅವಳು ಬಸ್ಸಿನ ದಾರಿಯುದ್ದಕ್ಕೂ ಮರೆಯಲಿಲ್ಲ.

*

ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ ತಾಂಡೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಅವಳಿಗೆ ಉಸ್ತಾದರು ನೆನಪಾದರು.

ಇಪ್ಪತ್ತೆಂಟು ವರ್ಷದ ಹಿಂದೆ ಅವಳು ಅವರ ಅಂಗಡಿಯ ಮೆಟ್ಟಿಲು ಹತ್ತಿದಾಗ ತಾಂಡೂರಿನ ಆ ಓಣಿ ನಕ್ಕಿತ್ತು. ಹೆಣ್ಣುಹುಡುಗಿ, ಆ ಕೇರಿಯವಳು, ಸಾಲದ್ದಕ್ಕೆ ಎಡಚಿ. ಉಸ್ತಾದರು ನಗಲಿಲ್ಲ. ಎಡಗೈಯ ನೆರಳು ಕೆಲಸದ ಮೇಲೆ ಬೀಳಬಾರದೆಂದು ಮೇಜಿನ ಮೇಲಿನ ದೀಪವನ್ನು ಎಡದಿಂದ ಬಲಕ್ಕೆ ಸರಿಸಿ ಕಟ್ಟಿದರು. ಮಧ್ಯಾಹ್ನ ಅವಳ ಡಬ್ಬಿಯಿಂದ ಒಂದು ಜೋಳದ ರೊಟ್ಟಿ ಎತ್ತಿಕೊಂಡು, ಕೊರಳಲ್ಲಿ ಲಿಂಗದ ಕರಡಿಗೆ ತೂಗುತ್ತಿದ್ದ ಹಾಗೆಯೇ, ಅಂಗಡಿ ಬಾಗಿಲಲ್ಲಿ ಕೂತು ಓಣಿಗೆಲ್ಲ ಕಾಣುವಂತೆ ಮುರಿದು ತಿಂದರು. ಮರುದಿನದಿಂದ ಓಣಿ ನಗುವುದನ್ನು ಬಿಟ್ಟಿತು.

ಇವತ್ತು ಅವಳ ಮಗಳು ಓದುತ್ತಿದ್ದರೆ, ಅವಳ ಹೆಸರಿನ ಬೋರ್ಡಿನ ಕೆಳಗೆ ಜನ ನಿಂತು ಕಾಯುತ್ತಿದ್ದರೆ, ಅದು ಆ ದೀಪದಿಂದ, ಆ ರೊಟ್ಟಿಯಿಂದ. ಅದನ್ನು ಅವಳು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದಳು. ಹೇಳಿದಷ್ಟೂ ಕಡಿಮೆಯೇ ಅನ್ನಿಸುತ್ತಿತ್ತು.

ಕೆಲಸವನ್ನೂ ಅವರು ಹಾಗೆಯೇ ಕಲಿಸಿದರು. ಬೆಸುಗೆ ಹಾಕಿ ಬಿಟ್ಟರಾಗಲಿಲ್ಲ. ಕೋನ್ ನಡುಗಿ ನಡುಗಿ ತಂತಿ ಕಿತ್ತು ಬರಬಾರದೆಂದು ಮೇಣದ ದಾರವನ್ನು ಏಳು ಸುತ್ತು ಸುತ್ತಿ, ತುದಿಯನ್ನು ಒಳಗೆ ಹೂಳಬೇಕು. ಈ ಕಟ್ಟು ಅವರದೇ. ಇದನ್ನು ಅವರಿಂದ ಕಲಿತವಳು ಧಮ್ಮಶೀಲಾ ಒಬ್ಬಳೇ. ಅವಳ ಜೊತೆ ಕಲಿತ ದೇವಿದಾಸ ಸೋಮಾರಿ. ಒಂದು ಹನಿ ಅಂಟು ಬಿಟ್ಟು ಆತು ಎನ್ನುವವನು.

ಎರಡು ತಿಂಗಳ ಹಿಂದೆ ಮಂಗಲಾಳ ಮನೆಗೆ ಸ್ಪೀಕರ್ ಆರಿಸಿದ ದಿನವೂ ಕಣ್ಣಿಗೆ ಕಟ್ಟಿದಂತಿತ್ತು. ಆ ದಿನ ಧಮ್ಮಶೀಲಾ, ದೇವಿದಾಸ ಇಬ್ಬರೂ ಇದ್ದರು. ಫುಲ್‌ರೇಂಜ್ ಎಂದರೆ ಒಂದೇ ಕೋನ್ ಎಲ್ಲ ದನಿ ನುಡಿಯಬೇಕು. ದಪ್ಪ ದನಿಗೊಂದು, ಸಣ್ಣ ದನಿಗೊಂದು ಎಂದು ಬೇರೆ ಬೇರೆ ಸ್ಪೀಕರಿಲ್ಲ. ಅದಕ್ಕೇ ಆರಿಸುವುದು ಕಷ್ಟ.

“ಮ್ಯಾಗ್ನೆಟ್ಟಿನ ತೂಕ ನೋಡಿ ಸ್ಪೀಕರ್ ತಗೊಳ್ಳಾದು, ಹೊಟ್ಟಿ ನೋಡಿ ಹಾಡಾವನ್ನ ಆರಿಸಿದಂಗ,” ಎನ್ನುತ್ತಿದ್ದರು ಉಸ್ತಾದರು. “ಮೊದ್ಲ ಕೋಣಿ ನೋಡು. ಆಮ್ಯಾಲ ಡಬ್ಬಿ ನೋಡು. ಆಂಪ್ಲಿಫೈಯರಿಗಿ ಎಷ್ಟು ತಾಕತ್ ಅದ ನೋಡು. ಕಡೀಕ ಸ್ಪೀಕರ್.”

ಅಂದು ಅದೇ ಮನೆಯಲ್ಲಿ ಮಂಗಲಾಳ ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿ, ಅದರ ಹಿಂದೆ ಮೂರು ಜೋಡಿ ಇಟ್ಟಿದ್ದರು. ಈರಮ್ಮನ ಅದೇ ಕ್ಯಾಸೆಟ್. ಕೇಳಿದವರು ಯಾವುದು ಹಿಡಿಸಿತೋ ಆ ತಟ್ಟೆಗೆ ಒಂದು ತೊಗರಿ ಕಾಳು ಹಾಕಬೇಕು; ಮಾತಾಡಬಾರದು, ಮುಖ ನೋಡಬಾರದು. ಇದು ಉಸ್ತಾದರ ಅಂಗಡಿಯ ಹಳೆಯ ಪದ್ಧತಿ.

ಮೊದಲ ಜೋಡಿ ನಾಲ್ಕಿಂಚಿನದು, ಲೋಹದ ಕೋನ್. ದನಿ ಸ್ವಚ್ಛ, ಆದರೆ ಹತ್ತು ನಿಮಿಷದಲ್ಲಿ ಕಿವಿ ಚುಚ್ಚತೊಡಗಿತು. ಎರಡನೆಯದು ಹನ್ನೆರಡಿಂಚಿನದು, ಭಾರೀ ಮ್ಯಾಗ್ನೆಟ್ಟು. ಅದರಲ್ಲಿ ಬೀಸುಕಲ್ಲು ಚೆನ್ನಾಗಿ ಕೇಳಿತು, ಬೀಸುವವಳು ಕೇಳಲಿಲ್ಲ. ಮೂರನೆಯದು ನೋಡಲು ಬಡವ: ಎಂಟಿಂಚಿನ ತೆಳು ಕಾಗದದ ಕೋನ್, ಬಟ್ಟೆಯ ಅಂಚು, ಸಣ್ಣ ಮ್ಯಾಗ್ನೆಟ್ಟು. ಉಸ್ತಾದರ ಎಂಟು ವಾಟಿನ ಆಂಪ್ಲಿಫೈಯರಿಗೇ ಅದು ಬಾಯಿ ತುಂಬ ಹಾಡಿತು. ಈರಮ್ಮ ಉಸಿರೆಳೆದುಕೊಂಡದ್ದು ಕೂಡ ಕೇಳಿಸಿತು. ಮಂಗಲಾ ಕಾಳು ಹಾಕುವುದನ್ನು ಮರೆತು ಅತ್ತಿದ್ದಳು.

ಉಸ್ತಾದರು ಎಲ್ಲರಿಗಿಂತ ಕೊನೆಗೆ ಕಾಳು ಹಾಕಿದರು. ತಟ್ಟೆಗಳನ್ನು ಒಮ್ಮೆ ನೋಡಿ, ಹೆಚ್ಚು ಕಾಳಿದ್ದ ತಟ್ಟೆಗೇ ಹಾಕಿದರು.

ದೊಡ್ಡವರು, ಕಿರಿಯರಿಗೆ ಮೊದಲು ಬಿಟ್ಟುಕೊಟ್ಟರು ಎಂದು ಧಮ್ಮಶೀಲಾ ಅಂದು ಮೆಚ್ಚಿಕೊಂಡಿದ್ದಳು. ಇಂದು, ಬಸ್ಸಿನಲ್ಲಿ, ಅದೇ ನೆನಪು ಬೇರೆ ಮಾತು ಹೇಳಿತು. ಇಪ್ಪತ್ತೆಂಟು ವರ್ಷದಲ್ಲಿ ಅವರು ಎಂದೂ ಬೇರೆಯವರ ತಟ್ಟೆ ನೋಡಿ ಕಾಳು ಹಾಕಿದವರಲ್ಲ.

*

ತಾಂಡೂರಿನಲ್ಲಿ ದೇವಿದಾಸನ ಅಂಗಡಿಯ ಶಟರು ಅರ್ಧ ಇಳಿದಿತ್ತು. ಅವಳು ಬಗ್ಗಿ ಒಳಗೆ ಹೋದಳು.

ಮೇಜಿನ ಮೇಲೆ, ಬಿಳಿ ಬಟ್ಟೆಯ ಮೇಲೆ, ಎಂಟಿಂಚಿನ ಸ್ಪೀಕರೊಂದು ಮುಖ ಮೇಲಾಗಿ ಮಲಗಿತ್ತು. ಬಟ್ಟೆಯ ಅಂಚು, ಸಣ್ಣ ಮ್ಯಾಗ್ನೆಟ್ಟು. ಕಾಯಿಲಿನ ಸುತ್ತ ಎಕ್ಸ್‌ರೇ ಪಟ್ಟಿಗಳು ಗುಂಡಗೆ ನಿಂತಿದ್ದವು.

“ಒಂದು ಪಟ್ಟಿ ಕಡಿಮಿ ಬಿದ್ದದೇನೋ ದೇವ್ಯಾ?” ಎಂದು ಅವಳು ಕಪ್ಪು ಚೂರನ್ನು ಮೇಜಿನ ಮೇಲಿಟ್ಟಳು.

ದೇವಿದಾಸ ಹಾರಿಬಿದ್ದ. ಬಲ ಮುಂಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ಹಾಗೆ.

“ಶೀಲಕ್ಕಾ... ನಾ ಕಳ್ಳತನ ಮಾಡಿಲ್ಲ.”

“ಮತ್ತ ಇದೇನು, ತಾನೇ ಬಸ್ ಹತ್ತಿ ಬಂತೇನು?”

“ರಿಪೇರಿ ಮಾಡಿ ಇಂದು ಒಯ್ದು ಕೂಡಸಾವನಿದ್ದೆ. ಬುಧವಾರ ಮೂರೂರಿನವ್ರು ಈರಮ್ಮನ ಹಾಡು ಕೇಳಾಕ ಅವ್ರ ಮನಿಗಿ ಬರ್ತಾರ. ಅಷ್ಟರೊಳಗ ಮುಗೀಬೇಕಿತ್ತು.”

“ಏನಾಗಿತ್ತು ಅದಕ್ಕ?”

ದೇವಿದಾಸ ಶಟರಿನ ಕಡೆ ನೋಡಿದ. ದನಿ ತಗ್ಗಿಸಿದ. “ಹೋದ ವಾರ ಹೋಗಿ ಕೇಳಿದೆ. ಎಡಗಡಿದರಾಗ ಕಾಯಿಲ್ ಮ್ಯಾಗ್ನೆಟ್ಟಿಗಿ ತಿಕ್ಕತಿತ್ತು. ಸರ್ ಸರ್ ಅಂತಿತ್ತಕ್ಕಾ. ಮಂಗಲಕ್ಕೋರು ಬೀಸುಕಲ್ಲಿನ ಸಪ್ಪಳ ಅಂದ್ಕೊಂಡಾರ. ಉಸ್ತಾದ್ ಬಾಜೂಕೇ ಕುಂತಿದ್ರು.”

“ಕುಂತು?”

“ಕಣ್ಣು ಮುಚ್ಚಿ ವಾಹ್ ಅಂದ್ರು.”

ಹೊರಗೆ ಪರಸಿ ಕಲ್ಲು ಹೇರಿಕೊಂಡ ಲಾರಿಯೊಂದು ಹಾದುಹೋಯಿತು.

“ಅವ್ರ ಕಿವಿ ಹೋಗ್ಯಾವಕ್ಕಾ. ಸಣ್ಣ ದನಿ ಏನೂ ಕೇಳಂಗಿಲ್ಲ. ವರ್ಷ ಆತು, ಮುಚ್ಚಿಟ್ಕೊಂಡಾರ. ಇದು ಅವ್ರ ಕಡೀ ಕೆಲ್ಸ. ಮೂರೂರಿನವ್ರ ಮುಂದ ಅದು ಸರ್ ಸರ್ ಅಂದ್ರ? ಅವ್ರ ಹೆಸರು ಏನಾಗಬೇಕು? ಅದಕ್ಕೇ ಶನಿವಾರ ಹೋದೆ. ನರೇಶಗಂತ ಬಾಗಿಲು ತೆರದೇ ಬಿಟ್ಟಿದ್ರು. ಅವ ಹಿತ್ತಲಾಗ ಮಷೀನ್ ಹಚ್ಚಿ ಕಲ್ಲು ಕೊಯ್ತಿದ್ದ, ಅವಗ ಕೇಳಿಸಿಲ್ಲ. ಅಲ್ಲೇ ಸರಿ ಮಾಡಾಕ ನೋಡಿದೆ, ಆಗಿಲ್ಲ. ನನ್ನ ಸ್ಪೀಕರ್ ಒಂದು ಹಾಕಿ ಇದನ್ನ ತಂದೆ.”

“ನರೇಶನ ಮ್ಯಾಲ ಬಂದದ್ದು ಗೊತ್ತದ ನಿನಗ?”

ಅವನು ತಲೆ ತಗ್ಗಿಸಿದ. “ನಿನ್ನಿ ಸಂಜಿ ಗೊತ್ತಾತು.”

“ಗೊತ್ತಿದ್ದೂ ಸುಮ್ನ ಕುಂತಿ.”

“ಹ್ಯಾಂಗ ಹೇಳ್ಲಿ? ಯಾಕ ತಂದಿ ಅಂತ ಕೇಳ್ತಾರ. ಉಸ್ತಾದನ ಕಿವಿ ಹೋಗ್ಯಾವಂತ ಈ ಬಾಯಿಲೆ ಹ್ಯಾಂಗ ಅನ್ಲಿ? ಈ ಕೈ ಮುರದಾಗ ಆರು ತಿಂಗಳು ಅವ್ರೇ ನನ್ನ ಮನಿ ನಡಿಸ್ಯಾರಕ್ಕಾ. ಅವ್ರ ಋಣ...”

“ಋಣ ನಿಂದು!” ಅವಳ ದನಿ ಏರಿತು. “ತೀರಸಾದು ನರೇಶನ ಕೊಳ್ಳ ಕೊಟ್ಟೇನು? ಅವ್ನ ತಾಯಿ ಸಾಯಮ್ಮ ನಿನ್ನಿಂದ ಅನ್ನ ಬಿಟ್ಟು ಕುಂತಾಳ. ಉಸ್ತಾದಗ ಇದು ಗೊತ್ತಾದ್ರ, ನನ್ನ ಹೆಸರು ಉಳಿಸಾಕ ಒಬ್ಬ ಬಡವನ ಹೆಸರು ಕೆಡಸಿದ್ರಿ ಅಂತ, ಅವ್ರು ಒಂದು ದಿನ ಬದುಕ್ತಾರೇನೋ?”

ದೇವಿದಾಸ ಮುಖ ಮುಚ್ಚಿಕೊಂಡು ಅತ್ತ. ಐವತ್ತು ಮುಟ್ಟುತ್ತಿದ್ದ ಗಂಡಸು, ಸ್ಪೀಕರಿನ ಮೇಲೆ ಕಣ್ಣೀರು ಬೀಳಬಾರದೆಂದು ಮುಖ ಪಕ್ಕಕ್ಕೆ ತಿರುಗಿಸಿ ಅತ್ತ. ಅದನ್ನು ಕಂಡು ಧಮ್ಮಶೀಲಾಳ ಸಿಟ್ಟು ಅರ್ಧ ಇಳಿಯಿತು. ಒಂದೇ ದೀಪದ ಕೆಳಗೆ ಕಲಿತವರು. ಅವನ ಜಾಗದಲ್ಲಿ ತಾನಿದ್ದರೆ ಏನು ಮಾಡುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು.

“ನಡಿ,” ಎಂದ ಅವನು ಕೊನೆಗೆ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು. “ನಾ ಬಂದು ಹೇಳ್ತೀನಿ. ಕಾಯಿಲ್ ತಿಕ್ಕತಿತ್ತು, ಬಿಸಿಲಿಗಿ ಹಿಂಗ ಆಗ್ತದ, ಅದಕ್ಕ ಒಯ್ದೀನಿ ಅಂತೀನಿ. ಕಿವಿ ಮಾತು ಎತ್ತಂಗಿಲ್ಲ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಧಮ್ಮಶೀಲಾಳಿಗೆ ಉಸಿರು ಬಂದಂತಾಯಿತು. ನರೇಶ ಉಳಿದ, ಉಸ್ತಾದರ ಹೆಸರೂ ಉಳಿಯಿತು.

“ಛಲೋ ಆತು. ಇನ್ನೊಂದು ಎಲ್ಲಿಟ್ಟೀದಿ? ಅದನ್ನೂ ಕಟ್ಟು, ಹೋಗಮು.”

“ಯಾವ ಇನ್ನೊಂದು?”

“ಬಲಗಡಿದು.”

ದೇವಿದಾಸ ಕಣ್ಣು ಬಿಟ್ಟು ಅವಳನ್ನೇ ನೋಡಿದ. “ಬಲಗಡಿದು ನಾ ಮುಟ್ಟೇ ಇಲ್ಲಕ್ಕಾ. ಅದು ಛಲೋ ಇತ್ತು. ಕೆಟ್ಟದ್ದು ಎಡಗಡಿದೊಂದೇ.”

“ಸುಳ್ಳು ಹೇಳಬ್ಯಾಡ.”

“ಈ ಕೈ ಆಣಿ.”

ಅವನು ಸುಳ್ಳು ಹೇಳುವಾಗ ಎಡಗಿವಿ ಕೆರೆಯುತ್ತಾನೆ. ಇಪ್ಪತ್ತೆಂಟು ವರ್ಷದಿಂದ ಅವಳು ಅದನ್ನು ಬಲ್ಲಳು. ಅವನ ಕೈ ಕಿವಿಯ ಹತ್ತಿರ ಹೋಗಲಿಲ್ಲ.

ಧಮ್ಮಶೀಲಾ ಫೋನು ತೆಗೆದಳು. ಬೆಳಗಿನ ಎರಡು ಫೋಟೋ. ಎಡಗಡೆಯದರಲ್ಲಿ ಬೆಸುಗೆಯ ಮೇಲೆ ಒಂದು ಹನಿ ಅಂಟು, ದೇವಿದಾಸನ ಕೈ, ಅನುಮಾನವಿಲ್ಲ. ಬಲಗಡೆಯದನ್ನು ಬೆರಳಿನಿಂದ ಹಿಗ್ಗಿಸಿದಳು.

ಬೆಸುಗೆಯ ಮೇಲೆ ಮೇಣದ ದಾರ. ಒಂದು, ಎರಡು, ಮೂರು... ಏಳು ಸುತ್ತು. ತುದಿ ಒಳಗೆ ಹೂತಿದೆ.

ದೇವಿದಾಸ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. “ಉಸ್ತಾದನ ಕಟ್ಟು!”

“ಅಲ್ಲ,” ಎಂದಳು ಅವಳು. “ಸುತ್ತು ನೋಡು. ಎಡಕ್ಕ ತಿರಗ್ಯದ.”

ಉಸ್ತಾದರು ಬಲಗೈಯವರು. ಅವರ ದಾರ ಬಲಕ್ಕೆ ಸುತ್ತುತ್ತದೆ. ಮೂರೂರಿನಲ್ಲಿ, ಬಹುಶಃ ಈ ಭೂಮಿಯ ಮೇಲೆಯೇ, ಆ ಕಟ್ಟನ್ನು ಎಡಕ್ಕೆ ಸುತ್ತುವ ಕೈ ಒಂದೇ ಒಂದು. ಆ ಕೈ ಈಗ ಫೋನು ಹಿಡಿದಿತ್ತು.

ದೀಪದ ಬುಡದಲ್ಲೇ ಕತ್ತಲೆ. ಬೆಳಿಗ್ಗೆ ಟಾರ್ಚು ಬಿಟ್ಟು ನೋಡಿದ್ದಳು. ದಿನಾ ಕಾಣುವ ಹಾಗೆಯೇ ಇದೆ ಎಂದುಕೊಂಡಿದ್ದಳು. ದಿನಾ ಕಾಣುವುದು ನಿನ್ನದೇ ಕೆಲಸವ್ವ, ಹುಚ್ಚೀ! ಬೇರೆಯವರ ಕೈ ಹುಡುಕಲು ಹೋದವಳು ತನ್ನ ಕೈಯನ್ನೇ ದಾಟಿ ಬಂದಿದ್ದಳು.

“ಅಕ್ಕಾ, ನೀ...” ದೇವಿದಾಸ ಒಂದು ಹೆಜ್ಜೆ ಹಿಂದೆ ಸರಿದ.

“ನಾ ಆ ಮನಿಗಿ ಎರಡು ತಿಂಗಳ ಮ್ಯಾಲ ಇಂದೇ ಹೋಗೀನೋ. ಇದು ನಾ ಎಂದೋ ರಿಪೇರಿ ಮಾಡಿ ಕೊಟ್ಟ ಸ್ಪೀಕರ್. ಯಾರಿಗೋ ಕೊಟ್ಟದ್ದು. ಅವ್ರು ತಂದು ಅಲ್ಲಿ ಕೂಡಿಸ್ಯಾರ.”

“ಯಾರಿಗಿ ಕೊಟ್ಟಿದ್ದಿ?”

ನೂರಾರು ಜನರಿಗೆ ಕೊಟ್ಟಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮಂಗಲಾ. ಗಂಟೆ ಎರಡೂ ಆಗಿರಲಿಲ್ಲ.

“ಧಮ್ಮಶೀಲಾ, ಎಲ್ಲಿದ್ದಿ? ಉಸ್ತಾದ್ ಬಂದಾರ ಇಲ್ಲಿ.”

“ಉಸ್ತಾದ್? ನಾರಾಯಣಖೇಡಕ್ಕ?”

“ನರೇಶನ ತಾಯಿ ಸಾಯಮ್ಮ ಮುಂಜಾನೆ ಹೋಗಿ ಅವ್ರ ಮುಂದ ಅತ್ತಾಳಂತ. ಆಕಿನ ಕೈ ಹಿಡ್ಕೊಂಡು ಬಸ್ಸಿಗಿ ಬಂದಾರ.” ಮಂಗಲಾಳ ದನಿ ಒಡೆಯುತ್ತಿತ್ತು. “ಬಂದವ್ರೇ ಎರಡೂ ಡಬ್ಬಿ ಒಳಗ ಕೈ ಹಾಕಿ ಬೆರಳಿಲೆ ಮುಟ್ಟಿ ಮುಟ್ಟಿ ನೋಡ್ಯಾರ. ಎಡಗಡಿದು ಮುಟ್ಟಿ ಜರಾ ನಕ್ಕಾರ. ಬಲಗಡಿದು ಮುಟ್ಟಿ... ಭಾಳ ಹೊತ್ತು ಕೈ ಹೊರಗ ತಗದಿಲ್ಲ, ಧಮ್ಮಶೀಲಾ. ಕಣ್ಣಾಗ ನೀರು ಸುರಿಯಾಕತ್ತಾವ. ಆಮ್ಯಾಲ ಎದ್ದು ನಿಂತು ಕೈ ಮುಗದು, ‘ಎರಡೂ ನಾನೇ ಒಯ್ದೀನಿ, ಹುಡುಗನ್ನ ಬಿಡ್ರಿ, ಕಾಗದದ ಮ್ಯಾಲ ನನ್ನ ಹೆಸರು ಬರ್ರಿ’ ಅಂದಾರ.”

ಧಮ್ಮಶೀಲಾ ಅಲ್ಲೇ ನೆಲದ ಮೇಲೆ ಕೂತಳು.

ಕಿವಿ ಹೋಗಿದ್ದರೇನು, ಆ ಬೆರಳುಗಳು ಇನ್ನೂ ಓದಬಲ್ಲವು. ಎಡಗಡೆ ಅಂಟಿನ ಹನಿ ಮುಟ್ಟಿ ದೇವಿದಾಸನನ್ನು ಗುರುತಿಸಿದರು. ಸೋಮಾರಿ ಎಂದು ನಕ್ಕರು. ಬಲಗಡೆ ಎಡಸುತ್ತಿನ ದಾರ ಮುಟ್ಟಿ ತನ್ನನ್ನು ಗುರುತಿಸಿದರು. ಕದ್ದವಳು ಧಮ್ಮಶೀಲಾ ಎಂದು ನಂಬಿದರು. ನಂಬಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ತುಂಬಿದ ಮನೆಯ ಮುಂದೆ ಕಳ್ಳನ ಹೆಸರು ತಾವು ಹೊತ್ತುಕೊಂಡರು. ಅಂದು ಓಣಿಗೆಲ್ಲ ಕಾಣುವಂತೆ ರೊಟ್ಟಿ ಮುರಿದು ತಿಂದ ಕೈಗಳೇ ಇವತ್ತು ಮುಗಿದವು.

ಇಂಥ ಮನುಷ್ಯ ತನಗೆ ಗುರುವಾಗಿ ಸಿಕ್ಕಿದ್ದಕ್ಕೆ ಯಾರಿಗೆ ಕೈ ಮುಗಿಯಬೇಕೋ ಅವಳಿಗೆ ತಿಳಿಯಲಿಲ್ಲ. ಆ ಮನುಷ್ಯ ತನ್ನನ್ನು ಕಳ್ಳಿ ಎಂದು ತಿಳಿದಿರುವುದೂ ಅಷ್ಟೇ ನಿಜ. ಎರಡೂ ಒಟ್ಟಿಗೆ ಎದೆಗೆ ಬಡಿದವು. ಅವಳು ಅತ್ತಳು, ಆದರೆ ಒಂದು ನಿಮಿಷವಷ್ಟೇ.

“ಅಕ್ಕೋರೆ, ಅಳಬ್ಯಾಡ್ರಿ. ಉಸ್ತಾದ್ ಕದ್ದಿಲ್ಲ, ನಾ ಸಾಬೀತ್ ಮಾಡ್ತೀನಿ. ಒಂದು ಕೆಲ್ಸ ಮಾಡ್ರಿ. ನರೇಶಗ ಹೇಳಿ ಬಲಗಡಿ ಸ್ಪೀಕರಿನ ಸ್ಕ್ರೂ ತಗಸ್ರಿ. ಅದನ್ನ ಹೊರಗ ತಗದು, ಅಂಚಿನ ಹಿಂದ, ಕಲ್ಲಿಗಿ ಒತ್ತಿ ಕೂಡೋ ಬಾಜೂಕ ನೋಡ್ರಿ. ರಿಪೇರಿಗಿ ಯಾರ ಮನಿಯಿಂದ ಬಂತು ಅಂತ ನಾ ಪ್ರತಿಯೊಂದ್ರ ಮ್ಯಾಲನೂ ಪೆನ್ಸಿಲಿಲೆ ಬರೀತೀನಿ. ಆ ಹೆಸರು ಓದ್ರಿ.”

ಫೋನಿನಲ್ಲಿ ಹೆಜ್ಜೆಯ ಸಪ್ಪಳ. ನರೇಶನನ್ನು ಕರೆದ ದನಿ. ಸ್ಕ್ರೂ ಒಂದೊಂದಾಗಿ ಪರಸಿ ಕಲ್ಲಿನ ಮೇಲೆ ಬಿದ್ದ ಸದ್ದನ್ನು ಧಮ್ಮಶೀಲಾ ಎಣಿಸಿದಳು. ನಾಲ್ಕು.



“ಅಕ್ಕೋರೆ? ಹೆಸರದೇನು?”

“ಅದ.” ಮಂಗಲಾಳ ದನಿ ಪಿಸುಮಾತಿಗಿಳಿದಿತ್ತು.

“ಯಾರದ್ರಿ?”

“ನಮ್ಮನಿದು. ನಮ್ಮವ್ರ ಹೆಸರೇ ಬರದದ.”

ದೇವಿದಾಸ ಏನು ಏನು ಎಂದು ಕೈಸನ್ನೆ ಮಾಡುತ್ತಿದ್ದ. ಧಮ್ಮಶೀಲಾ ಫೋನನ್ನು ಕಿವಿಗೆ ಇನ್ನೂ ಗಟ್ಟಿಯಾಗಿ ಒತ್ತಿಕೊಂಡಳು. ಆ ಕಡೆ, ಮಂಗಲಾಳ ಬೆನ್ನ ಹಿಂದೆ, ಅಮರನಾಥರ ದನಿ ತೀರ ಹತ್ತಿರದಲ್ಲಿ ಕೇಳಿಸಿತು.

“ಏನ್ ಬರದದ ಅದರಾಗ? ಇಲ್ಲಿ ಕೊಡು ಅದನ್ನ.”

ಮಂಗಲಾ ಫೋನು ಇಟ್ಟುಬಿಟ್ಟಳು.